ಗೆರೆ ಕಾಗದದಲ್ಲಿ, ಬಣ್ಣ ಕಂಪ್ಯೂಟರಿನಲ್ಲಿ

ಮಕ್ಕಳ ಪುಸ್ತಕವೊಂದಕ್ಕೆ ಚಿತ್ರ ಬರೆದುಕೊಡುವ ಕೆಲಸ ಮೊನ್ನೆಯಷ್ಟೇ ಮುಗಿಯಿತು. ಪೆನ್ಸಿಲ್ಲು, ಕಪ್ಪು ಇಂಕು, ಕಾಗದ ಇಷ್ಟರಲ್ಲೇ ವರ್ಷಗಟ್ಟಲೆ ಕಳೆದವಳು ನಾನು. ಪ್ರಕಾಶಕರು ಮಾತ್ರ ಚಿತ್ರಗಳು ಡಿಜಿಟಲ್ ಕಡತಗಳಾಗಿಯೇ ಬರಬೇಕು, ಬೇಕೆಂದಾಗ ಬಣ್ಣ ಬದಲಿಸುವಂತಿರಬೇಕು ಎಂದರು. ಗೆರೆಯನ್ನು ಕೈಯಲ್ಲೇ ಎಳೆಯುತ್ತೇನೆ, ಬಣ್ಣವನ್ನು ಕಂಪ್ಯೂಟರಿನಲ್ಲಿ ತುಂಬುತ್ತೇನೆ ಎಂದು ಒಪ್ಪಿಕೊಂಡೆ. ಹೇಳುವುದಕ್ಕೆ ಒಂದು ಸಾಲು, ಮಾಡುವುದಕ್ಕೆ ತಿಂಗಳುಗಳು ಹಿಡಿದವು. ಚಿತ್ರ ಬಿಡಿಸುವುದನ್ನು ಕಲಿಸುವ ಪಾಠಗಳು ಬೇಕಾದಷ್ಟಿವೆ, ತಂತ್ರಾಂಶದ ಗುಂಡಿಗಳನ್ನು ಒಂದೊಂದಾಗಿ ವಿವರಿಸುವವರೂ ಇದ್ದಾರೆ. ಕಾಗದದಿಂದ ಪರದೆಗೆ, ಪರದೆಯಿಂದ ಮತ್ತೆ ಅಚ್ಚಿನ ಕಾಗದಕ್ಕೆ ದಾಟುವಾಗ ಏನೆಲ್ಲ ಅಡ್ಡ ಬರುತ್ತದೆ ಎಂದು ಒಂದೆಡೆ ಕೂರಿಸಿ ಹೇಳುವವರು ನನಗೆ ಸಿಗಲಿಲ್ಲ. ಇದನ್ನು ಬರೆಯಲು ಅದೇ ಕಾರಣ.

ಮೊದಲು ಖರ್ಚಿನ ಮಾತು. ಪರದೆಯ ಮೇಲೆಯೇ ಬರೆಯಬಹುದಾದ ಟ್ಯಾಬ್ಲೆಟ್ ಕೊಳ್ಳಿ ಎಂದು ಕೇಳಿದವರೆಲ್ಲ ಹೇಳಿದರು. ಅದಕ್ಕೂ ಪರದೆ ಇಲ್ಲದ ಸಾದಾ ಟ್ಯಾಬ್ಲೆಟ್‌ಗೂ ಬೆಲೆಯಲ್ಲಿ ಅಜಗಜಾಂತರ. ಸಾದಾ ಟ್ಯಾಬ್ಲೆಟ್ ಎಂದರೆ ಮೇಜಿನ ಮೇಲಿಟ್ಟು ಅದರದೇ ಪೆನ್ನಿನಲ್ಲಿ ಬರೆಯುವ ಹಲಗೆ, ಗೆರೆ ಮೂಡುವುದು ಕಂಪ್ಯೂಟರಿನ ಪರದೆಯಲ್ಲಿ. ಗೆರೆ ಹೇಗೂ ಕಾಗದದ ಮೇಲೆ, ಬಣ್ಣ ತುಂಬುವುದಕ್ಕೆ ಇಷ್ಟು ದುಡ್ಡು ಏಕೆ ಸುರಿಯಬೇಕು ಎಂದು ಮಧ್ಯಮ ಗಾತ್ರದ ಸಾದಾ ಟ್ಯಾಬ್ಲೆಟ್ ತೆಗೆದುಕೊಂಡೆ. ಕೆಲಸ ಮುಗಿದ ಮೇಲೂ ಆ ತೀರ್ಮಾನ ಸರಿ ಎಂದೇ ಅನಿಸುತ್ತಿದೆ. ಡಬ್ಬಿಯ ಮೇಲೆ 8192 ಹಂತಗಳ ಒತ್ತಡ ಗ್ರಹಿಕೆ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. 2048 ಹಂತಗಳ ಹಳೆಯ ಟ್ಯಾಬ್ಲೆಟ್ ಸಿಕ್ಕರೂ ಕಣ್ಣು ಮುಚ್ಚಿ ಕೊಳ್ಳಿ, ಆ ವ್ಯತ್ಯಾಸ ನನ್ನ ಕೈಗಂತೂ ಗೊತ್ತಾಗಲಿಲ್ಲ. ತಂತ್ರಾಂಶಕ್ಕೆ ಬಿಡಿಗಾಸೂ ಖರ್ಚಾಗಲಿಲ್ಲ. ಚಿತ್ರ ಬಿಡಿಸುವ ಕ್ರಿಟಾ, ಚಿತ್ರ ತಿದ್ದುವ ಜಿಂಪ್, ಆಕಾರಗಳನ್ನು ರಚಿಸುವ ಇಂಕ್‌ಸ್ಕೇಪ್ ಮೂರೂ ಉಚಿತ, ಮೂರೂ ಮುಕ್ತ ತಂತ್ರಾಂಶಗಳು. ಲೆಕ್ಕಕ್ಕೆ ಸಿಗದ ಖರ್ಚು ಬೇರೆಡೆ ಇದೆ: ಟ್ಯಾಬ್ಲೆಟ್ ಪೆನ್ನಿನ ಸವೆಯುವ ನಿಬ್ಬುಗಳು, ಬ್ಯಾಕಪ್‌ಗೆ ಒಂದು ಹಾರ್ಡ್ ಡಿಸ್ಕ್, ಪರೀಕ್ಷೆಗೆಂದು ತೆಗೆಸುವ ಬಣ್ಣದ ಪ್ರತಿಗಳು. ನಿಬ್ಬು ಒಂದು ಬದಿಗೆ ಚಪ್ಪಟೆಯಾಗಿ ಅಂಚು ಹರಿತವಾದರೆ ಆ ಕ್ಷಣವೇ ಬದಲಿಸಿ. ಇಲ್ಲವಾದರೆ ಟ್ಯಾಬ್ಲೆಟ್ ಮೈಮೇಲೆ ಗೀರು ಬೀಳುತ್ತದೆ.

ಟ್ಯಾಬ್ಲೆಟ್ ಬಂದ ದಿನ ಬರೆಯುವುದಿರಲಿ, ಅದನ್ನು ಒಲಿಸಿಕೊಳ್ಳುವುದೇ ಆಯಿತು. ಪೆನ್ನು ಓಡುತ್ತಿತ್ತು, ಗೆರೆಯೂ ಬೀಳುತ್ತಿತ್ತು. ಎಷ್ಟು ಒತ್ತಿದರೂ ಗೆರೆ ದಪ್ಪವಾಗದು, ಹಗುರ ಮಾಡಿದರೂ ತೆಳುವಾಗದು. ಹೋದ ದುಡ್ಡಿನ ಚಿಂತೆಯಲ್ಲಿ ರಾತ್ರಿ ನಿದ್ದೆ ಬರಲಿಲ್ಲ. ಕಾರಣ ತೀರಾ ಸಣ್ಣದು. ವಿಂಡೋಸ್‌ನಲ್ಲಿ ಪೆನ್ನಿನ ಒತ್ತಡವನ್ನು ತಂತ್ರಾಂಶಕ್ಕೆ ತಲುಪಿಸಲು ಎರಡು ದಾರಿಗಳಿವೆ: ವಿನ್‌ಟ್ಯಾಬ್ ಮತ್ತು ವಿಂಡೋಸ್ ಇಂಕ್. ಟ್ಯಾಬ್ಲೆಟ್ಟನ್ನು ಕಂಪ್ಯೂಟರಿಗೆ ಜೋಡಿಸುವ ಡ್ರೈವರ್ ಎಂಬ ಕಾರ್ಯಕ್ರಮ ಒಂದು ದಾರಿಯಲ್ಲಿ ಕಳಿಸಿ, ಚಿತ್ರದ ತಂತ್ರಾಂಶ ಇನ್ನೊಂದರಲ್ಲಿ ಕಾಯುತ್ತಿದ್ದರೆ ಒತ್ತಡ ನಡುದಾರಿಯಲ್ಲೇ ಕಳೆದುಹೋಗುತ್ತದೆ. ಕ್ರಿಟಾದ ಸೆಟ್ಟಿಂಗ್ಸ್‌ನಲ್ಲಿ ಟ್ಯಾಬ್ಲೆಟ್ ಎಂಬ ಪುಟವಿದೆ, ಇವೆರಡರಲ್ಲಿ ಒಂದನ್ನು ಅಲ್ಲಿ ಆಯ್ದುಕೊಳ್ಳಬೇಕು. ಟ್ಯಾಬ್ಲೆಟ್ ಟೆಸ್ಟರ್ ಎಂಬ ಗುಂಡಿಯೂ ಅಲ್ಲೇ ಇದೆ. ಅದರಲ್ಲಿ ಗೀಚಿ ನೋಡಿದರೆ ಒತ್ತಡದ ಅಂಕಿ ಏರಿಳಿಯುವುದು ಕಾಣುತ್ತದೆ. ಅಂಗಡಿಗೆ ಹಿಂದಿರುಗಿಸುವ ಮೊದಲು ಇದೊಂದನ್ನು ನೋಡಿ. ಹಿಂದೆ ಬೇರೆ ಕಂಪನಿಯ ಟ್ಯಾಬ್ಲೆಟ್ ಬಳಸಿದ್ದರೆ ಅದರ ಡ್ರೈವರನ್ನು ಪೂರ್ತಿ ತೆಗೆದು, ಕಂಪ್ಯೂಟರನ್ನು ಮತ್ತೆ ಆರಂಭಿಸಿದ ಮೇಲೆಯೇ ಹೊಸದನ್ನು ಹಾಕಿ. ಎರಡು ಡ್ರೈವರುಗಳು ಒಂದೇ ಕಂಪ್ಯೂಟರಿನಲ್ಲಿ ಬಾಳುವುದು ಕಷ್ಟ.

ಇನ್ನೆರಡು ಕಿರಿಕಿರಿಗಳು. ಪೆನ್ನನ್ನು ಒಂದೆಡೆ ಒತ್ತಿ ಹಿಡಿದರೆ ಪರದೆಯ ಮೇಲೆ ಉಂಗುರವೊಂದು ಅರಳಿ ಗೆರೆ ತಡವಾಗಿ ಹೊರಡುತ್ತಿತ್ತು. ಅದು ಒತ್ತಿ ಹಿಡಿದರೆ ರೈಟ್ ಕ್ಲಿಕ್ ಆಗುವ ವಿಂಡೋಸ್ ಸೌಲಭ್ಯ. ಪೆನ್ನಿನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿಬಿಡಿ. ಎರಡನೆಯದು, ನಾನು ಎಳೆದ ವೃತ್ತಗಳೆಲ್ಲ ಮೊಟ್ಟೆಯಾಕಾರಕ್ಕೆ ತಿರುಗುತ್ತಿದ್ದವು. ಕೈ ನಡುಗುತ್ತಿದೆಯೇನೋ ಎಂದು ಮೊದಲು ಸಂಶಯ ಬಂತು. ಪರದೆಯ ಉದ್ದಗಲದ ಅನುಪಾತ ಒಂದು, ಟ್ಯಾಬ್ಲೆಟ್‌ನದು ಇನ್ನೊಂದು. ಡ್ರೈವರ್ ಒಂದನ್ನು ಇನ್ನೊಂದರ ಮೇಲೆ ಎಳೆದು ಹೊಂದಿಸಿತ್ತು. ಅನುಪಾತವನ್ನು ಕಾಯ್ದುಕೊಳ್ಳುವ ಆಯ್ಕೆ ಡ್ರೈವರಿನೊಳಗೇ ಇರುತ್ತದೆ. ಅದನ್ನು ಹಾಕಿದಾಗ ಟ್ಯಾಬ್ಲೆಟ್‌ನ ಒಂದಿಷ್ಟು ಜಾಗ ವ್ಯರ್ಥವಾಗುತ್ತದೆ, ವೃತ್ತ ಮಾತ್ರ ವೃತ್ತವಾಗಿಯೇ ಉಳಿಯುತ್ತದೆ.

ಕೈ ಇಲ್ಲಿ, ಕಣ್ಣು ಅಲ್ಲಿ. ಇದಕ್ಕೆ ಒಗ್ಗಿಕೊಳ್ಳುವ ದಿನಗಳು ನಿಜಕ್ಕೂ ಅವಮಾನದವು. ಕಣ್ಣು ಮುಚ್ಚಿಕೊಂಡೂ ಎಳೆಯಬಲ್ಲ ಮುಖದ ಗೆರೆ ಪರದೆಯಲ್ಲಿ ಗಲ್ಲ ತಪ್ಪಿ ಕಿವಿಗೆ ಹೋಗುತ್ತಿತ್ತು. ನನಗೆ ನೆರವಾದದ್ದು ಅಭ್ಯಾಸದ ಪಾಠಗಳಿಗಿಂತ ಮೌಸನ್ನು ಎತ್ತಿ ಕಪಾಟಿನಲ್ಲಿ ಇಟ್ಟಿದ್ದು. ಫೋಲ್ಡರ್ ತೆರೆಯುವುದು, ಮೇಲ್ ಓದುವುದು, ಪುಟ ಸರಿಸುವುದು ಎಲ್ಲವನ್ನೂ ಪೆನ್ನಿನಲ್ಲೇ ಮಾಡತೊಡಗಿದ ಮೇಲೆ ಒಂದು ದಿನ ಕೈ ನೋಡಿಕೊಳ್ಳುವ ಅಭ್ಯಾಸ ತಾನಾಗಿ ಬಿಟ್ಟುಹೋಯಿತು. ಎಷ್ಟು ಒತ್ತಿದರೆ ಗೆರೆ ಎಷ್ಟು ದಪ್ಪ ಎಂದು ನಿರ್ಧರಿಸುವ ಒತ್ತಡದ ವಕ್ರರೇಖೆಯನ್ನು ನಿಮ್ಮ ಕೈಗೆ ತಕ್ಕಂತೆ ಬಗ್ಗಿಸಿಕೊಳ್ಳುವುದನ್ನೂ ಮರೆಯಬೇಡಿ. ಇಂಕಿನ ಪೆನ್ನು ಹಿಡಿದ ಕೈ ಹಗುರವಾಗಿರುತ್ತದೆ, ಕಾರ್ಖಾನೆಯಿಂದ ಬಂದ ಹೊಂದಾಣಿಕೆಯಲ್ಲಿ ಅದಕ್ಕೆ ಗೆರೆಯೇ ಬೀಳುವುದಿಲ್ಲ.

ಈ ನಡುವೆ ಪ್ರಕಾಶಕರಿಂದ ಅಳತೆಯ ಕಾಗದ ಬಂತು. ಪುಟ 8 ಅಂಗುಲ ಚೌಕ, ನಾಲ್ಕೂ ಬದಿಗೆ 3 ಮಿಲಿಮೀಟರ್ ಬ್ಲೀಡ್, 300 ಡಿಪಿಐ, ಸಿಎಮ್‌ವೈಕೆ. ಬ್ಲೀಡ್ ಎಂದರೆ ಕತ್ತರಿಸುವಾಗ ಬಿಳಿ ಅಂಚು ಕಾಣದಿರಲೆಂದು ಚಿತ್ರವನ್ನು ಪುಟದಾಚೆಗೂ ಚಾಚುವುದು. ಡಿಪಿಐ ಎಂದರೆ ಒಂದು ಅಂಗುಲದಲ್ಲಿ ಎಷ್ಟು ಚುಕ್ಕೆಗಳು (ಪಿಕ್ಸೆಲ್) ಎಂಬ ಲೆಕ್ಕ, ಸಿಎಮ್‌ವೈಕೆ ಎಂದರೆ ಅಚ್ಚಿನ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಇಂಕುಗಳ ಬಣ್ಣ ಪದ್ಧತಿ. ಲೆಕ್ಕ ಹಾಕಿದೆ: 8 ಅಂಗುಲಕ್ಕೆ 203.2 ಮಿ.ಮೀ., ಎರಡು ಬದಿಯ ಬ್ಲೀಡ್ ಸೇರಿ 209.2. ಎ4 ಹಾಳೆಯ ಅಗಲ 210. ಅಂದರೆ ನಿಜ ಗಾತ್ರದಲ್ಲಿ ಬರೆದರೆ ಹಾಳೆಯ ಅಂಚಿನವರೆಗೂ ಗೆರೆ, ಸ್ಕ್ಯಾನರಿನ ಅಂಚಿನಲ್ಲಿ ಬೀಳುವ ನೆರಳೂ ಅದರ ಜೊತೆಗೆ. ದೊಡ್ಡ ಹಾಳೆಯಲ್ಲಿ ಬರೆದು ಎರಡು ತುಂಡಾಗಿ ಸ್ಕ್ಯಾನ್ ಮಾಡಿ ಜೋಡಿಸಬಹುದು, ಪ್ರತಿ ಪುಟಕ್ಕೂ ಆ ಜೋಡಣೆ ಯಾರಿಗೆ ಬೇಕು? ನಿಜ ಗಾತ್ರದ ಶೇಕಡಾ 80ರಷ್ಟು ಅಳತೆಯಲ್ಲಿ ಬರೆದು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದೆ. ಪೂರ್ಣ ಗಾತ್ರಕ್ಕೆ ಹಿಗ್ಗಿಸಿದಾಗ 480 ಡಿಪಿಐ ಉಳಿಯುತ್ತದೆ, ಬೇಕಾದ್ದಕ್ಕಿಂತ ಹೆಚ್ಚೇ. ಹಿಗ್ಗಿಸಿದಾಗ ಗೆರೆಯೂ ಕಾಲು ಪಾಲು ದಪ್ಪವಾಗುವುದರಿಂದ ಪೆನ್ನನ್ನು ಒಂದು ಹಂತ ತೆಳುವಾದದ್ದು ಆರಿಸಿಕೊಳ್ಳಬೇಕು. ಬರೆಯುವ ಮೊದಲು ಮಾಡಬೇಕಾದ ಲೆಕ್ಕವಿದು. ಪಿಕ್ಸೆಲ್ ಚಿತ್ರವನ್ನು ಸಣ್ಣದು ಮಾಡಬಹುದು, ಇಲ್ಲದ ವಿವರವನ್ನು ಆಮೇಲೆ ಹುಟ್ಟಿಸಲಾಗದು.

ಕರಡು ಚಿತ್ರಕ್ಕೆ ತಿಳಿನೀಲಿ ಪೆನ್ಸಿಲ್ ಬಳಸಿ. ಅಚ್ಚಿನ ಲೋಕದಲ್ಲಿ ಇದು ಹಳೆಯ ಉಪಾಯ. ಆಗಿನ ಕ್ಯಾಮೆರಾ ಫಿಲ್ಮಿಗೆ ತಿಳಿನೀಲಿ ಕಾಣುತ್ತಿರಲಿಲ್ಲ, ಹಾಗಾಗಿ ಕರಡನ್ನು ಅಳಿಸುವ ಗೋಜೇ ಇರುತ್ತಿರಲಿಲ್ಲ. ಈಗಲೂ ಅದು ಕೆಲಸಕ್ಕೆ ಬರುತ್ತದೆ. ನೀಲಿ ಕರಡಿನ ಮೇಲೆ ನೀರಿಗೆ ಕರಗದ ಕಪ್ಪು ಇಂಕಿನಲ್ಲಿ ಗೆರೆ ಎಳೆದು, ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಜಿಂಪ್‌ನಲ್ಲಿ ಚಿತ್ರವನ್ನು ಕೆಂಪು, ಹಸಿರು, ನೀಲಿ ಚಾನೆಲ್‌ಗಳಾಗಿ ಬಿಡಿಸಿ. ಒಂದೊಂದು ಚಾನೆಲ್ ಎಂದರೆ ಆ ಬಣ್ಣದ ಬೆಳಕು ಎಲ್ಲೆಲ್ಲಿ ಎಷ್ಟಿದೆ ಎಂದು ತೋರಿಸುವ ಕಪ್ಪು ಬಿಳುಪಿನ ಚಿತ್ರ. ನೀಲಿ ಚಾನೆಲ್‌ನಲ್ಲಿ ತಿಳಿನೀಲಿ ಹೆಚ್ಚು ಕಡಿಮೆ ಬಿಳಿಯಾಗಿಬಿಡುತ್ತದೆ, ಕಪ್ಪು ಕಪ್ಪಾಗಿಯೇ ನಿಲ್ಲುತ್ತದೆ. ಕೆಂಪು ಚಾನೆಲ್‌ನಲ್ಲಿ ಇದೇ ನೀಲಿ ಕಡುವಾಗಿ ಕಾಣುತ್ತದೆ, ಅದನ್ನು ನೋಡಿ ಗಾಬರಿ ಬೀಳಬೇಡಿ. ರಬ್ಬರ್ ಹಾಕಿ ಇಂಕು ಮಾಸುವುದು, ಹಾಳೆ ಎದ್ದು ನಾರು ಬಿಡುವುದು, ರಬ್ಬರ್ ಪುಡಿ ಸ್ಕ್ಯಾನರ್ ಗಾಜಿಗೆ ಅಂಟುವುದು ಎಲ್ಲ ತಪ್ಪುತ್ತದೆ.

ನನ್ನ ಬಳಿ ಸ್ಕ್ಯಾನರ್ ಇರಲಿಲ್ಲ. ಮೊದಲ ಕಂತಿನ ಹಾಳೆಗಳನ್ನು ಅಂಗಡಿಯೊಂದರಲ್ಲಿ ಕೊಟ್ಟೆ. 600 ಡಿಪಿಐ ಎಂದು ಚೀಟಿಯಲ್ಲಿ ಬರೆದೂ ಕೊಟ್ಟಿದ್ದೆ. ಮರುದಿನ ಕೈಗೆ ಸಿಕ್ಕಿದ್ದು ಒಂದು ಪಿಡಿಎಫ್. ಹಿಗ್ಗಿಸಿ ನೋಡಿದರೆ ಪ್ರತಿ ಗೆರೆಯ ಸುತ್ತಲೂ ಬೂದು ಬಣ್ಣದ ಚೌಕುಳಿ ಧೂಳು. ಕಡತ ಚಿಕ್ಕದಾಗಲೆಂದು ಅವರ ಯಂತ್ರ ಜೆಪೆಗ್ ಮಾಡಿ ಹಿಂಡಿತ್ತು. ಜೊತೆಗೆ ತಾನಾಗಿಯೇ ಹೊಳಪು ಹೆಚ್ಚಿಸಿ, ಕೂದಲೆಳೆಯ ಗೆರೆಗಳನ್ನೆಲ್ಲ ಕಾಗದದ ಬಿಳಿಯೊಳಗೆ ಮುಳುಗಿಸಿತ್ತು. ಮತ್ತೆ ಹೋಗಿ ವಾದಿಸಿದ್ದಾಯಿತು, ಮತ್ತೆ ಕಾದಿದ್ದಾಯಿತು, ಕೊನೆಗೆ ಪರಿಚಯದವರ ಹಳೆಯ ಫ್ಲಾಟ್‌ಬೆಡ್ ಸ್ಕ್ಯಾನರನ್ನು ಎರವಲು ತಂದೆ. ಹೊರಗೆ ಸ್ಕ್ಯಾನ್ ಮಾಡಿಸುವವರು ಹೀಗೆ ಕೇಳಿ: ಹಿಂಡಿ ವಿವರ ಕಳೆಯದ ಟಿಫ್ ಅಥವಾ ಪಿಎನ್‌ಜಿ ಕಡತವೇ ಬೇಕು, ತಾನಾಗಿ ಹೊಳಪು, ಚೂಪು, ಬಣ್ಣ ತಿದ್ದುವ ಆಯ್ಕೆಗಳೆಲ್ಲ ಆಫ್ ಆಗಿರಬೇಕು. ಎಲ್ಲ ಹಾಳೆಗಳನ್ನೂ ಕೊಡುವ ಮೊದಲು ಒಂದನ್ನು ಮಾತ್ರ ಕೊಟ್ಟು, ಪೂರ್ತಿ ಹಿಗ್ಗಿಸಿ ನೋಡಿ. ಮೊಬೈಲ್ ಫೋಟೋ ಸಾಕಾಗದೇ ಎಂದು ಕೇಳುವವರಿಗೆ: ಕರಡಿಗೆ ಸಾಕು. ಅಂಚಿನಲ್ಲಿ ಬಾಗುವ ಗೆರೆಗಳನ್ನೂ ಒಂದು ಮೂಲೆಯ ನೆರಳನ್ನೂ ತಿದ್ದುತ್ತ ಕೂರುವ ತಾಳ್ಮೆ ನನಗಂತೂ ಇಲ್ಲ.

ಕಣ್ಣಿಗೆ ಬಿಳಿಯಾಗಿ ಕಂಡ ಹಾಳೆ ಪರದೆಯಲ್ಲಿ ಬಿಳಿಯಾಗಿರುವುದಿಲ್ಲ. ತಿಳಿ ಬೂದು, ಅದರ ಮೇಲೆ ಕಾಗದದ ತರಿ, ಅಲ್ಲೊಂದು ಇಲ್ಲೊಂದು ಚುಕ್ಕೆ. ಲೆವೆಲ್ಸ್ ಎಂಬ ಹೊಂದಾಣಿಕೆಯನ್ನು ತೆರೆದು ಬಿಳಿಯ ಗುರುತನ್ನು ಎಡಕ್ಕೆ, ಕಪ್ಪಿನ ಗುರುತನ್ನು ಬಲಕ್ಕೆ ನಿಧಾನವಾಗಿ ಸರಿಸಬೇಕು. ತುಸು ಹೆಚ್ಚು ಸರಿಸಿದರೂ ಗೆರೆಯ ಅಂಚು ಗರಗಸವಾಗುತ್ತದೆ. ನನಗೆ ಈ ಹಂತ ಇಷ್ಟವಾಯಿತು. ನಾಲ್ಕು ಪಟ್ಟು ಹಿಗ್ಗಿಸಿ ನೋಡಿದಾಗ ಅಜ್ಜಿಯ ಸೀರೆಯ ನೆರಿಗೆಯ ಗೆರೆ ಎಲ್ಲಿ ಹೊರಟಿತು, ಎಲ್ಲಿ ಪೆನ್ನು ಒಂದು ಗಳಿಗೆ ನಿಂತು ಇಂಕು ದುಂಡಗೆ ಊರಿತು, ತಿರುವಿನಲ್ಲಿ ಹೇಗೆ ತೆಳುವಾಯಿತು ಎಲ್ಲ ಕಾಣುತ್ತದೆ. ಟ್ಯಾಬ್ಲೆಟ್‌ನಲ್ಲಿ ಅದೇ ನೆರಿಗೆಯನ್ನು ಎಳೆದು ಪಕ್ಕದಲ್ಲಿಟ್ಟು ನೋಡಿದೆ. ನಿಧಾನವಾಗಿ ಎಳೆದ ಓರೆಗೆರೆಯಲ್ಲಿ ಸಣ್ಣ ಅಲೆ, ಗೆರೆಯ ತುದಿಯಲ್ಲಿ ಬೇಡದ ಕೊಕ್ಕೆ. ಗೆರೆಯ ನಡುಕವನ್ನು ತಾನಾಗಿ ಸಮ ಮಾಡುವ ಸ್ಟೆಬಿಲೈಸರ್ ಹಾಕಿದರೆ ಅಲೆ ಹೋಗುತ್ತದೆ, ಅದರ ಜೊತೆಗೆ ಗೆರೆಯ ಜೀವವೂ. ಇದು ನನ್ನ ಅಭಿಪ್ರಾಯ, ಟ್ಯಾಬ್ಲೆಟ್‌ನಲ್ಲೇ ಬೆಳೆದವರು ಒಪ್ಪಲಾರರು.

ಕೊನೆಯಲ್ಲಿ ಕಲರ್ ಟು ಆಲ್ಫಾ ಎಂಬ ಫಿಲ್ಟರ್ ಹಾಕಿ ಬಿಳಿಯನ್ನೆಲ್ಲ ಪಾರದರ್ಶಕ ಮಾಡಿದರೆ ಗೆರೆ ಮಾತ್ರ ಉಳಿಯುತ್ತದೆ. ಇದು ಜಿಂಪ್‌ನಲ್ಲೂ ಕ್ರಿಟಾದಲ್ಲೂ ಇದೆ.

ಗೆರೆಯನ್ನು ವೆಕ್ಟರ್ ಮಾಡಿಬಿಡಿ, ಎಷ್ಟು ಬೇಕಾದರೂ ಹಿಗ್ಗಿಸಬಹುದು ಎಂದು ಒಬ್ಬರು ಸಲಹೆ ಕೊಟ್ಟರು. ವೆಕ್ಟರ್ ಎಂದರೆ ಚಿತ್ರವನ್ನು ಪಿಕ್ಸೆಲ್ ಚುಕ್ಕೆಗಳ ಬದಲು ಗಣಿತದ ವಕ್ರರೇಖೆಗಳಾಗಿ ಇಡುವುದು. ಇಂಕ್‌ಸ್ಕೇಪ್‌ನಲ್ಲಿ ಪಿಕ್ಸೆಲ್ ಚಿತ್ರವನ್ನು ತಾನಾಗಿ ವೆಕ್ಟರ್ ಮಾಡುವ ಸೌಲಭ್ಯವಿದೆ, ಪ್ರಯತ್ನಿಸಿದೆ. ಒಂದೊಂದು ಗೆರೆಯ ಎರಡೂ ಅಂಚಿಗೆ ಕಿಕ್ಕಿರಿದ ನೋಡ್‌ಗಳು, ಅಂದರೆ ವಕ್ರರೇಖೆಯನ್ನು ಹಿಡಿದಿಡುವ ಬಿಂದುಗಳು, ಬಂದವು. ಸರಳಗೊಳಿಸಿದರೆ ಮೂಗೇ ಬದಲಾಯಿತು. ಈ ವಕ್ರರೇಖೆಗಳ ಗಣಿತ ಬೆಳೆದದ್ದು ಕಾರು ತಯಾರಿಕೆಯಲ್ಲಿ. 1959ರಲ್ಲಿ ಸಿಟ್ರೊಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ಟೆಲ್‌ಜೊ, ಅನಂತರ 1960ರ ದಶಕದಲ್ಲಿ ರೆನೊ ಕಂಪನಿಯಲ್ಲಿ ಪಿಯೆರ್ ಬೆಜಿಯೆ ಇದನ್ನು ಕಾರಿನ ಮೈ ವಿನ್ಯಾಸಕ್ಕೆ ರೂಪಿಸಿದರು. ಬಾನೆಟ್‌ಗೆಂದು ಹುಟ್ಟಿದ ಗೆರೆ ಅಜ್ಜಿಯ ಮುಖದ ಸುಕ್ಕಿಗೆ ಒಗ್ಗದಿದ್ದರೆ ಆಶ್ಚರ್ಯವೇನೂ ಇಲ್ಲ. ಲೋಗೋ, ನಕ್ಷೆ, ಅಚ್ಚುಕಟ್ಟಾದ ಆಕಾರಗಳಿಗೆ ವೆಕ್ಟರ್ ಬಿಟ್ಟರೆ ಬೇರೆ ಇಲ್ಲ. ಪುಟದ ಅಂಚಿನ ಅಲಂಕಾರಗಳನ್ನು ಅದರಲ್ಲೇ ಮಾಡಿದೆ, ಉಳಿದದ್ದನ್ನು ಮುಟ್ಟಲಿಲ್ಲ.

ಇನ್ನು ಬಣ್ಣ. ಅದಕ್ಕೂ ಮೊದಲು ಕಂಪ್ಯೂಟರಿನ ಏದುಸಿರು. 600 ಡಿಪಿಐನ ಪೂರ್ತಿ ಎ4 ಎಂದರೆ 4960 × 7016 ಪಿಕ್ಸೆಲ್. ಪಾರದರ್ಶಕ ಹಾಳೆಗಳಂತೆ ಒಂದರ ಮೇಲೊಂದು ಕೂರುವ ಲೇಯರುಗಳಲ್ಲಿ ತುಂಬಿದ ಒಂದೊಂದಕ್ಕೂ ಸುಮಾರು 139 ಎಂಬಿ ನೆನಪು ಬೇಕು. ಹತ್ತು ಲೇಯರ್ ದಾಟಿದರೆ ಹಳೆಯ ಯಂತ್ರ ಬ್ರಷ್ ಹಿಂದೆ ತೆವಳುತ್ತದೆ. ಗೆರೆಯನ್ನು ದೊಡ್ಡ ಗಾತ್ರದಲ್ಲೇ ಶುಚಿಮಾಡಿ ಒಂದು ಪ್ರತಿ ಎತ್ತಿಟ್ಟುಕೊಂಡು, ಬಣ್ಣದ ಕೆಲಸಕ್ಕೆ ಅಂತಿಮ ಅಳತೆಯಾದ 300 ಡಿಪಿಐಗೆ ಇಳಿಸಿಕೊಂಡರೆ ಉಸಿರಾಡಬಹುದು.

ಗೆರೆಯ ಲೇಯರನ್ನು ಮೇಲಿಟ್ಟು, ಅದರ ಕೆಳಗೆ ಸಪಾಟು ಬಣ್ಣದ ಲೇಯರ್. ಮುಚ್ಚಿದ ಜಾಗವನ್ನು ಒಮ್ಮೆಲೇ ತುಂಬುವ ಬಕೆಟ್ ಎಂಬ ಸಾಧನದಿಂದ ಬಣ್ಣ ಸುರಿದಾಗ ಗೆರೆಗೂ ಬಣ್ಣಕ್ಕೂ ನಡುವೆ ಬಿಳಿ ನೂಲಿನಂಥ ಅಂಚು ಉಳಿಯುತ್ತದೆ. ಗೆರೆಯ ಅಂಚು ಕಪ್ಪಿನಿಂದ ಬಿಳಿಗೆ ಮೆಲ್ಲಗೆ ಮಾಸುವುದರಿಂದ ಹೀಗಾಗುತ್ತದೆ. ಬಕೆಟ್‌ನ ಆಯ್ಕೆಗಳಲ್ಲಿ ತುಂಬುವ ಜಾಗವನ್ನು ಒಂದೆರಡು ಪಿಕ್ಸೆಲ್ ಹಿಗ್ಗಿಸುವ ಅವಕಾಶವಿದೆ, ಬಣ್ಣ ಗೆರೆಯಡಿಗೆ ನುಗ್ಗಿ ಕೂರುತ್ತದೆ. ಕೈಯಲ್ಲಿ ಎಳೆದ ಗೆರೆಗಳು ಎಲ್ಲೆಡೆ ಕೂಡಿಕೊಂಡಿರುವುದಿಲ್ಲ. ಒಂದು ಸಣ್ಣ ಕಿಂಡಿಯಿಂದ ಅಜ್ಜಿಯ ಸೀರೆಯ ಹಸಿರು ಆಕಾಶಕ್ಕೆಲ್ಲ ಹರಿದಾಗ ನಗು ಬರುತ್ತದೆ, ಮೂರನೆಯ ಸಲಕ್ಕೆ ಅಳು. ಬೇರೊಂದು ಲೇಯರಿನಲ್ಲಿ ಕಿಂಡಿಗಳಿಗೆ ತಾತ್ಕಾಲಿಕ ಗೆರೆ ಹಾಕಿ, ಬಣ್ಣ ತುಂಬಿದ ಮೇಲೆ ಆ ಲೇಯರನ್ನು ಅಳಿಸಿದರೆ ಸಾಕು. ಮೂಲ ಗೆರೆಯನ್ನು ಮುಟ್ಟಬೇಡಿ, ಆ ಕಿಂಡಿಗಳಲ್ಲೇ ಚಿತ್ರಕ್ಕೆ ಗಾಳಿ ಆಡುವುದು.

ಸಪಾಟು ಬಣ್ಣ ಪ್ಲಾಸ್ಟಿಕ್ಕಿನಂತೆ ಕಂಡಿತು. ದಪ್ಪ ಕಾಗದದ ಮೇಲೆ ಜಲವರ್ಣವನ್ನು ತೆಳುವಾಗಿ ಹರಿಸಿ, ಒಣಗಿಸಿ, ಸ್ಕ್ಯಾನ್ ಮಾಡಿ ಆ ಬಣ್ಣದ ಮೇಲೆ ಮಲ್ಟಿಪ್ಲೈ ವಿಧಾನದಲ್ಲಿ ಕೂರಿಸಿದೆ. ಮಲ್ಟಿಪ್ಲೈನಲ್ಲಿ ಬಿಳಿ ಮಾಯವಾಗುತ್ತದೆ, ಬಿಳಿಯಲ್ಲದ್ದೆಲ್ಲ ಕೆಳಗಿನದನ್ನು ಕಡುವಾಗಿಸುತ್ತದೆ. ಒಮ್ಮೆಲೇ ಗೋಡೆಗೆ ತೇವ ಬಂತು, ಮೋಡಕ್ಕೆ ತೂಕ ಬಂತು. ಬೂದು ಅಥವಾ ನೀಲಿ ಬಣ್ಣದಲ್ಲಿ ಇಂಥ ಹಾಳೆಗಳನ್ನು ಒಂದಿಷ್ಟು ಮಾಡಿಟ್ಟುಕೊಳ್ಳಿ. ತೀರಾ ತೆಳುವಾದ ಹಳದಿಯನ್ನು ಸ್ಕ್ಯಾನರ್ ಕಾಣುವುದೇ ಇಲ್ಲ. ಬಣ್ಣ ಆಮೇಲೆ ಬದಲಿಸಬಹುದು, ನೀರು ಹರಿದ ಗುರುತು ಮಾತ್ರ ಬೇಕು.

ಮೊದಲ ಪರೀಕ್ಷಾ ಪ್ರತಿ ಕೈಗೆ ಬರಲು ಕಾದ ದಿನಗಳಷ್ಟು ಉದ್ದದ ದಿನಗಳು ಇಡೀ ಕೆಲಸದಲ್ಲಿ ಬೇರೆ ಇರಲಿಲ್ಲ. ಬಂದಾಗ ಗದ್ದೆಯ ಹಸಿರು ಒಣಗಿದ ಪಾಚಿಯ ಬಣ್ಣಕ್ಕೆ ತಿರುಗಿತ್ತು. ಮುದ್ರಣಾಲಯಕ್ಕೆ ಫೋನ್ ಮಾಡಿದೆ.

“ಮೇಡಂ, ಪರದೆಯಲ್ಲಿ ಕಾಣುವ ಆ ಹಸಿರು ನಮ್ಮ ನಾಲ್ಕು ಇಂಕಿನಲ್ಲಿ ಬರುವುದಿಲ್ಲ,” ಎಂದರು ಅವರು. “ಹಸಿರು ಹೋಗಲಿ, ನಿಮ್ಮ ಗೆರೆಗಳನ್ನು ನೋಡಿದಿರಾ? ಕಪ್ಪು ನಾಲ್ಕೂ ಪ್ಲೇಟಿನಲ್ಲಿ ಬಿದ್ದಿದೆ.”

ಅಚ್ಚಿನಲ್ಲಿ ಒಂದೊಂದು ಇಂಕಿಗೂ ಒಂದೊಂದು ಪ್ಲೇಟು. ಭೂತಗನ್ನಡಿ ಹಿಡಿದು ನೋಡಿದರೆ ನಿಜ. ಕಣ್ಣಿನ ರೆಪ್ಪೆಯ ಒಂದು ಬದಿಗೆ ಕೆಂಪು ನೆರಳು, ಇನ್ನೊಂದು ಬದಿಗೆ ನೀಲಿ. ಪರದೆಯ ಕೆಂಪು, ಹಸಿರು, ನೀಲಿ ಪದ್ಧತಿಯಾದ ಆರ್‌ಜಿಬಿಯ ಕಪ್ಪನ್ನು ಸಿಎಮ್‌ವೈಕೆಗೆ ಬದಲಿಸಿದಾಗ ಅದು ನಾಲ್ಕೂ ಇಂಕುಗಳ ಮಿಶ್ರಣವಾಗುತ್ತದೆ. ಅಚ್ಚಿನಲ್ಲಿ ಪ್ಲೇಟು ಕೂದಲೆಳೆಯಷ್ಟು ಸರಿದರೂ ತೆಳು ಗೆರೆಯ ಸುತ್ತ ಬಣ್ಣದ ನೆರಳು ಕಾಣುತ್ತದೆ. ಗೆರೆ ಕಪ್ಪು ಪ್ಲೇಟಿನಲ್ಲಿ ಮಾತ್ರ ಇರಬೇಕು. ಗೆರೆಯ ಲೇಯರ್ ಕೊನೆಯವರೆಗೂ ಬೇರೆಯಾಗಿಯೇ ಇದ್ದದ್ದು ಇಲ್ಲಿ ನನ್ನನ್ನು ಕಾಪಾಡಿತು. ಗೆರೆಯನ್ನು ಕಪ್ಪು ಬಿಳುಪಿನ ಟಿಫ್ ಆಗಿ, ಬಣ್ಣವನ್ನು ಇನ್ನೊಂದು ಕಡತವಾಗಿ ಕೊಟ್ಟೆ. ಪುಟ ವಿನ್ಯಾಸ ಮಾಡುವವರು ಒಂದರ ಮೇಲೊಂದು ಕೂರಿಸಿದರು. ನಿಮ್ಮ ಮುದ್ರಕರಿಗೆ ಇದು ಹೇಗೆ ಬೇಕೆಂದು ಕೆಲಸ ಹಿಡಿದ ದಿನವೇ ಕೇಳಿ, ಪ್ರಕಾಶಕರ ಅಳತೆಯ ಕಾಗದದಲ್ಲಿ ಈ ಮಾತು ಬರೆದಿರುವುದಿಲ್ಲ.

ಹಸಿರಿನ ವಿಷಯಕ್ಕೆ ಮದ್ದು ಕ್ರಿಟಾದಲ್ಲೇ ಇತ್ತು. ಮುದ್ರಕರಿಂದ ಅವರ ಅಚ್ಚಿನಲ್ಲಿ ಯಾವ ಬಣ್ಣ ಹೇಗೆ ಬರುತ್ತದೆಂದು ಹೇಳುವ ಕಡತವಾದ ಬಣ್ಣದ ಪ್ರೊಫೈಲ್ ತರಿಸಿಕೊಂಡು ಚಿತ್ರದ ಸಾಫ್ಟ್ ಪ್ರೂಫಿಂಗ್ ಆಯ್ಕೆಯಲ್ಲಿ ಹಾಕಿದರೆ, ಕಂಟ್ರೋಲ್ ಮತ್ತು ವೈ ಒತ್ತಿದಾಗ ಅಚ್ಚಿನಲ್ಲಿ ಬಣ್ಣ ಹೇಗಿರುತ್ತದೆಂದು ಪರದೆಯಲ್ಲೇ ಅಂದಾಜಾಗುತ್ತದೆ. ಶಿಫ್ಟನ್ನೂ ಸೇರಿಸಿ ಒತ್ತಿದರೆ ಅಚ್ಚಿಗೆ ಸಿಗದ ಬಣ್ಣಗಳಿರುವ ಜಾಗಗಳು ಎದ್ದು ಕಾಣುತ್ತವೆ. ಹೊಳೆಯುವ ಹಸಿರು, ನೀಲಿ, ಕಿತ್ತಳೆ ಮೊದಲು ಸಿಕ್ಕಿಬೀಳುತ್ತವೆ. ಗದ್ದೆಗೆ ತುಸು ಹಳದಿ ಬೆರೆಸಿ, ಸುತ್ತಲಿನ ಬಣ್ಣಗಳನ್ನು ಮಂಕು ಮಾಡಿದೆ. ಪಕ್ಕದ ಬಣ್ಣ ತಗ್ಗಿದರೆ ಅದೇ ಹಸಿರು ಏರಿದಂತೆ ಕಾಣುತ್ತದೆ. ಇದನ್ನು ನನಗೆ ಕಲಿಸಿದ್ದು ಜಲವರ್ಣದ ತಟ್ಟೆ.

ಕಡತಗಳನ್ನು ಒಪ್ಪಿಸಿದ ಮೇಲೆ ಪ್ರಕಾಶಕರಿಂದ ಎರಡು ತಿದ್ದುಪಡಿಗಳು ಬಂದವು. ಹುಡುಗನ ಅಂಗಿ ಎಲ್ಲ ಪುಟಗಳಲ್ಲೂ ನೀಲಿಯಾಗಬೇಕು. ಅಂಗಿಯ ಬಣ್ಣಕ್ಕೆ ಪ್ರತಿ ಕಡತದಲ್ಲೂ ಬೇರೆ ಲೇಯರ್ ಇದ್ದುದರಿಂದ ಅದು ಒಂದು ಸಂಜೆಯ ಕೆಲಸವಾಯಿತು. ಎರಡನೆಯದು, ಕೊನೆಯ ಪುಟದ ನಾಯಿಯ ಕಿವಿ ನಿಮಿರಿರಬೇಕು. ಇಡೀ ಚಿತ್ರವನ್ನು ಮತ್ತೆ ಬರೆಯಲಿಲ್ಲ. ಗೆರೆಯನ್ನು ಅದೇ ಶೇಕಡಾ 80ರ ಅಳತೆಯಲ್ಲಿ ಪ್ರಿಂಟ್ ತೆಗೆದು, ಅದರ ಮೇಲೊಂದು ತೆಳು ಹಾಳೆ ಇಟ್ಟು, ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಕಿವಿಯೊಂದನ್ನೇ ಬರೆದು, ಸ್ಕ್ಯಾನ್ ಮಾಡಿ ಹಳೆಯ ಕಿವಿಯ ಜಾಗಕ್ಕೆ ಅಂಟಿಸಿದೆ. ಹೀಗೆ ತೇಪೆ ಹಾಕುವಾಗ ಅದೇ ಪೆನ್ನು, ಅದೇ ಅಳತೆ, ಅದೇ 600 ಡಿಪಿಐ ಇರಲಿ. ಒಂದು ವ್ಯತ್ಯಾಸವಾದರೂ ಗೆರೆಯ ದಪ್ಪ ಹೊಂದುವುದಿಲ್ಲ. ಪೆನ್ನಿನ ಸಂಖ್ಯೆ ಮತ್ತು ಸ್ಕ್ಯಾನಿನ ಅಳತೆಯನ್ನು ಪ್ರತಿ ಹಾಳೆಯ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಬರೆದಿಡಿ.